ಏಳನೇ ವರಸೆಯ ಇಟ್ಟಿಗೆ

ಮಾರ್ಲೋ ಹಾಲ್ ನೋಡಲು ಬಂದವರಿಗೆ ಅಲ್ಲಿನ ಗೈಡುಗಳು ಹೇಳುತ್ತಿದ್ದ ಮೊದಲ ಸುಳ್ಳು ಇಟ್ಟಿಗೆಯದು. "ಈ ಬಂಗಲೆಯ ಒಂದೊಂದು ಇಟ್ಟಿಗೆಯೂ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು" ಎಂದು ಅವರು ಕೈ ಎತ್ತಿ ತೋರಿಸುವರು, ಬಂದವರು ಕತ್ತೆತ್ತಿ "ಅಬ್ಬಾ" ಎನ್ನುವರು. ಆ ಇಟ್ಟಿಗೆಗೆ ಮಣ್ಣು ತೋಡಿದ ಗುಂಡಿ ಬಂಗಲೆಯ ಹಿಂದೆ ಇನ್ನೂರು ಹೆಜ್ಜೆ ದೂರದಲ್ಲೇ ಇದೆ. ಈಗ ಅದರಲ್ಲಿ ನೀರು ನಿಂತು ಕೊಳವಾಗಿದೆ. ಏಪ್ರಿಲ್ ಬಂತೆಂದರೆ ಕಪ್ಪೆಗಳು ಕಿವಿ ಕಿತ್ತುಹೋಗುವ ಹಾಗೆ ವಟಗುಟ್ಟುತ್ತವೆ. ಬಯಲಿನ ನಡುವೆ ಇಂಥದೊಂದು ಗುಂಡಿ ಯಾಕಿದೆ ಎಂದು ಅಷ್ಟು ಜನ ಗೈಡುಗಳಲ್ಲಿ ಒಬ್ಬರಿಗಾದರೂ ಕೇಳಬೇಕೆನಿಸಲಿಲ್ಲವಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಲೆಮ್ಯುಯೆಲ್ ಟ್ಯಾಬ್‌ಗೆ ಸಿಟ್ಟು ಬರುತ್ತಿರಲಿಲ್ಲ. ಸಾರುವೆಯ ಮೇಲೆ ನಿಂತು, ಜನರಿಗೆ ಬೆನ್ನು ಹಾಕಿಕೊಂಡು, ಕರಣೆ ಆಡಿಸುತ್ತಾ ಅವನು ಈ ಮಾತನ್ನು ಅದೆಷ್ಟು ಸಲ ಕೇಳಿದ್ದನೋ. ಒಂದು ದಿನವೂ ಬಾಯಿ ಬಿಟ್ಟವನಲ್ಲ. ಅವನು ಗಾರೆಯವನ ಮಗ, ಗಾರೆಯವನ ಮೊಮ್ಮಗ. ಅದಕ್ಕೂ ಹಿಂದಿನವರು ಮಾಡಿದ್ದೂ ಇದೇ ಕೆಲಸ, ಆದರೆ ಆಗ ಆ ಕೆಲಸವೂ ಅವರದಾಗಿರಲಿಲ್ಲ, ಮಾಡುವ ಕೈಯೂ ಅವರದಾಗಿರಲಿಲ್ಲ. ಎರಡೂ ಮಾರ್ಲೋ ದೊರೆಯ ಆಸ್ತಿ. ಹೊಗೆಸೊಪ್ಪು ಬೆಳೆದು ಕೊಬ್ಬಿದ ಮೊದಲನೆಯ ಮಾರ್ಲೋಗೆ, ವರ್ಜೀನಿಯಾದ ಈ ಯಾರ್ಕ್ ನದಿಯ ದಂಡೆಯಲ್ಲಿ ಲಂಡನ್ನಿನ ದೊಡ್ಡ ಮನುಷ್ಯರಂತೆ ಮನೆ ಕಟ್ಟಿಸುವ ಹುಚ್ಚು ಹತ್ತಿತು. ಸಾವಿರದ ಏಳುನೂರ ಐವತ್ತರ ಸುಮಾರು. ಮೂರು ಬೇಸಿಗೆ ಅವನ ಗುಲಾಮರು ಮಣ್ಣು ತುಳಿದರು, ಅಚ್ಚು ಹಾಕಿದರು, ಗೂಡು ಸುಟ್ಟರು. ದೊಡ್ಡವರು ಅಚ್ಚು ಬಿಚ್ಚಿ ಇಟ್ಟ ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಹೊತ್ತು ಹಾಕುವುದು ಮಕ್ಕಳ ಕೆಲಸ.

ಮನೆ ಚೆಂದವಾಗಿದೆ, ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಇಂಗ್ಲೆಂಡನ್ನು ಆಳಿದ ಜಾರ್ಜ್ ದೊರೆಗಳ ಕಾಲದವರಿಗೆ ಸಮತೂಕದ ಚಟ. ನಟ್ಟನಡುವೆ ಬಾಗಿಲು, ಬಾಗಿಲ ಆಚೆ ಎರಡು ಕಿಟಕಿ, ಈಚೆ ಎರಡು, ಮೇಲೆ ಐದು. ಎಡಕ್ಕೊಂದು ಹೊಗೆಗೂಡು, ಬಲಕ್ಕೊಂದು. ಅತ್ತ ಅಡುಗೆಮನೆ ಬೇರೆಯಾಗಿ ನಿಂತಿದ್ದರೆ, ಅದಕ್ಕೆ ಜೋಡಿಯಾಗಿ ಇತ್ತ ದೊರೆಯ ಲೆಕ್ಕದಮನೆ. ಗೋಡೆಯಲ್ಲಿ ಒಂದು ಉದ್ದದ ಇಟ್ಟಿಗೆ, ತುದಿ ಮಾತ್ರ ಹೊರಗೆ ಕಾಣುವ ಒಂದು ತಲೆ ಇಟ್ಟಿಗೆ, ಮತ್ತೆ ಒಂದು ಉದ್ದದ್ದು. ತಲೆಗಳೆಲ್ಲ ಗೂಡಿನ ಬೆಂಕಿಗೆ ನೀಲಿಗಟ್ಟಿ ಮಿರುಗುವುದರಿಂದ ಇಡೀ ಗೋಡೆ ಚೌಕುಳಿ ಬಟ್ಟೆ ಹೊದ್ದ ಹಾಗೆ ಕಾಣುತ್ತದೆ. ಅಡುಗೆಮನೆಯ ಕಡೆಯ ಗೋಡೆಯಲ್ಲಿ ಮಾತ್ರ ಒಂದು ತೊಡಕು ಬಂತು. ಹೊರಗಿನ ಲೆಕ್ಕಕ್ಕೆ ಅಲ್ಲೊಂದು ಕಿಟಕಿ ಬೇಕು, ಒಳಗೆ ನೋಡಿದರೆ ಮೆಟ್ಟಿಲು ಅಡ್ಡ. ಮೇಸ್ತ್ರಿಗಳು ಕಿಟಕಿಯ ಅಳತೆಗೆ ಗೂಡು ಬಿಟ್ಟು, ಮೇಲೆ ಕಮಾನು ಕಟ್ಟಿ, ಗೂಡಿಗೆ ಇಟ್ಟಿಗೆ ತುಂಬಿ ಮುಚ್ಚಿಬಿಟ್ಟರು. ಅದಕ್ಕೆ ಕುರುಡು ಕಿಟಕಿ ಎಂದು ಹೆಸರು.

ಆ ಕುರುಡು ಕಿಟಕಿಯ ಕೆಳಗೆ, ನೆಲದಿಂದ ಏಳನೇ ವರಸೆಯಲ್ಲಿ ಒಂದು ಇಟ್ಟಿಗೆ. ಅದರ ಮುಖದ ಮೇಲೆ ನಾಲ್ಕು ಸಣ್ಣ ಕುಳಿಗಳು, ಸಾಲಾಗಿ, ಒಂದಕ್ಕಿಂತ ಒಂದು ಕಿರಿದು. ಯಾವುದೋ ಮಗು ಹಸಿ ಇಟ್ಟಿಗೆಯನ್ನು ಎತ್ತಿದಾಗ ಒತ್ತಿದ ಬೆರಳುಗಳು. ಗಂಡೋ ಹೆಣ್ಣೋ, ಹೆಸರೇನೋ, ಯಾರಿಗೂ ಗೊತ್ತಿಲ್ಲ. ಟ್ಯಾಬ್ ಮನೆಯವರು ಮಾತ್ರ ಮೊದಲಿನಿಂದ "ಅದು ನಮ್ಮ ಹುಡುಗಿ" ಎನ್ನುತ್ತಾ ಬಂದಿದ್ದಾರೆ. ಆ ಇಟ್ಟಿಗೆಯನ್ನು ಹುದುಗಿಸದೆ ಮುಖ ಹೊರಗೆ ಮಾಡಿ, ಅದೂ ಕುರುಡು ಕಿಟಕಿಯ ಕೆಳಗೇ ಇಟ್ಟ ಗಾರೆಯವನು ಯಾರೋ, ಅವನಿಗೆ ಆ ಜಾಗದ ಗುಟ್ಟು ಗೊತ್ತಿತ್ತು. ಬೇರೆ ಕಿಟಕಿಗಳ ಕೆಳಗೆ ಗುಲಾಮರ ಮಕ್ಕಳು ನಿಂತರೆ ಒಳಗಿನಿಂದ ಯಾರಾದರೂ ಗದರುತ್ತಿದ್ದರು. ಇಲ್ಲಿ ನೋಡುವ ಕಣ್ಣೇ ಇರಲಿಲ್ಲ.

ಹೀಗಾಗಿ ಟ್ಯಾಬ್ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಮಗುವಿಗೆ ಆರು ತುಂಬಿ ಏಳು ನಡೆಯುವಾಗ ಅಲ್ಲಿಗೆ ಕರೆದುಕೊಂಡು ಹೋಗಿ ಬಲಗೈಯ ನಾಲ್ಕು ಬೆರಳನ್ನು ಆ ಕುಳಿಗಳಲ್ಲಿ ಇಡಿಸುವುದು. ಆಮೇಲೆ ವರ್ಷಕ್ಕೊಂದು ಸಲ, ಈಸ್ಟರ್ ಮಾರನೆಯ ದಿನ. ಬೆರಳು ಕುಳಿಯೊಳಗೆ ಹಿಡಿಸದಷ್ಟು ದಪ್ಪವಾದ ವರ್ಷ "ಕೈ ತುಂಬಿತು" ಎನ್ನುವರು. ಕೈ ತುಂಬಿದ ಮೇಲೆ ಗಂಡಾದರೆ ಸುಣ್ಣ ಹೊರಲು, ಹೆಣ್ಣಾದರೆ ಅಡುಗೆಮನೆಗೆ. ನಮ್ಮ ಚರ್ಚಿನ ಹೆಂಗಸರು ಟ್ಯಾಬ್ ಹುಡುಗರನ್ನು ಕಂಡರೆ ತಮಾಷೆ ಮಾಡುತ್ತಿದ್ದರು, "ಏನೋ, ಕೈ ತುಂಬ್ತಾ, ಇನ್ನೂ ಖಾಲಿನಾ?" ಅಂತ. ಯುದ್ಧ ಬಂದು ಹೋಯಿತು, ಗುಲಾಮಗಿರಿ ಹೋಯಿತು, ಮಾರ್ಲೋಗಳು ಬಡವಾಗುತ್ತ ಬಂದರು, ಪದ್ಧತಿ ನಿಲ್ಲಲಿಲ್ಲ. ಮನೆಯ ಯಜಮಾನರಿಗೆ ಈ ವಿಷಯ ಕೊನೆಯವರೆಗೂ ತಿಳಿಯಲಿಲ್ಲ.

ಲೆಮ್ಯುಯೆಲ್ ಮತ್ತು ಅವನ ಹೆಂಡತಿ ರೋಸೆಟಾಗೆ ಇದ್ದದ್ದು ಒಂದೇ ಮಗು, ಪರ್ಲಿ. ಸಾವಿರದ ಒಂಬೈನೂರ ಐವತ್ತೆಂಟರ ಈಸ್ಟರ್ ಮಾರನೆಯ ದಿನ ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ. ಆಗ ಮಾರ್ಲೋ ಮನೆತನದ ಕಡೆಯ ಮುದುಕಿ ಇನ್ನೂ ಬದುಕಿದ್ದಳು, ಲೆಮ್ಯುಯೆಲ್‌ನ ತಾಯಿ ಅಲ್ಲಿ ಅಡುಗೆಗೆ ಇದ್ದಳು. ಪರ್ಲಿ ಹೊಸ ಹಳದಿ ಫ್ರಾಕು ಹಾಕಿಕೊಂಡು, ಹಲ್ಲು ಬಿದ್ದ ಬಾಯಿ ಬಿಟ್ಟುಕೊಂಡು, ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟಳು. ನಾಲ್ಕೂ ಸರಿಯಾಗಿ ಕೂತವು, ಇನ್ನೂ ಚೂರು ಜಾಗ ಮಿಕ್ಕಿತ್ತು.

"ತಣ್ಣಗಿದೆ ಅಪ್ಪಾ."

"ನೆರಳಲ್ಲಿರುತ್ತಲ್ಲ, ಅದಕ್ಕೆ."

ಅವಳು ತನ್ನ ಕೈಯನ್ನೇ ನೋಡುತ್ತಾ ಕೂತಳು. ಹೆಬ್ಬೆರಳು ಒಂದೇ ಗಾಳಿಯಲ್ಲಿ ನಿಂತಿತ್ತು. "ಅಪ್ಪಾ, ಇದೆಲ್ಲಿಡ್ಬೇಕು?"

"ಏನು?"

"ಹೆಬ್ಬೆರಳು. ಆ ಹುಡುಗೀದು ಹೆಬ್ಬೆರಳು ಎಲ್ಲಿ?"

"ಅವಳಿಗೆ ಹೆಬ್ಬೆರಳೇ ಇರ್ಲಿಲ್ಲ ಅಂತ ಕಾಣುತ್ತೆ" ಎಂದು ಲೆಮ್ಯುಯೆಲ್ ನಕ್ಕ.

"ಸುಳ್ಳು! ಹೆಬ್ಬೆರಳಿಲ್ದೆ ಹೆಂಗೆ ಎತ್ತಾಳೆ?"

"ಏಳೇ ಮಾತಿನ ಮಲ್ಲಿ. ಅಜ್ಜಿ ಹ್ಯಾಮ್ ಇಟ್ಟು ಬಿಸಿಬಿಸಿ ಬಿಸ್ಕೆಟ್ ರೊಟ್ಟಿ ಮಾಡಿದಾಳಂತೆ, ಆರಿಹೋಗುತ್ತೆ." ಹಾಗೆ ಹೇಳಿ ಅವಳನ್ನು ಎತ್ತಿಕೊಂಡ. 

ಮರುವರ್ಷ ಫೆಬ್ರವರಿಯಲ್ಲಿ ಪರ್ಲಿಗೆ ಜ್ವರ ಬಂತು. ಮೊದಲ ದಿನ ತಲೆನೋವು ಅಂದಳು, ಎರಡನೇ ದಿನ ಕತ್ತು ಬಗ್ಗಿಸಲಾಗಲಿಲ್ಲ, ಮೂರನೇ ದಿನ ಬೆಳಿಗ್ಗೆ ಅವಳಿರಲಿಲ್ಲ. ಮಿದುಳಿನ ಜ್ವರ ಎಂದರು. ಏಳು ವರ್ಷ ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಕೈ ತುಂಬಲಿಲ್ಲ. ಆ ಹೊತ್ತಿನ ನಂತರ ರೋಸೆಟಾ ಆ ಗೋಡೆಯ ಹತ್ತಿರ ಸುಳಿಯಲಿಲ್ಲ. ಚರ್ಚಿಗೆ ಹೋಗುವಾಗಲೂ ಬಂಗಲೆಯ ದಾರಿ ಬಿಟ್ಟು ಒಂದು ಮೈಲಿ ಸುತ್ತಿ ಹೋಗುತ್ತಿದ್ದಳು. ಲೆಮ್ಯುಯೆಲ್ ಅದಕ್ಕೆ ತದ್ವಿರುದ್ಧ. ಅವನಿಗೆ ಆ ಇಟ್ಟಿಗೆ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ಫ್ರಾಕು ಯಾರಿಗೋ ಕೊಟ್ಟಾಗಿತ್ತು, ಫೋಟೋ ಒಂದೇ ಒಂದು, ಅದರಲ್ಲೂ ಅವಳು ಅಲ್ಲಾಡಿಬಿಟ್ಟಿದ್ದಳು. ಅವಳ ಬೆರಳು ಮುಟ್ಟಿದ್ದು ಮುಟ್ಟಿದ ಹಾಗೇ ಉಳಿದದ್ದು ಅಲ್ಲಿ ಮಾತ್ರ. ಬೂಟಿನ ಲಾಡಿ ಕಟ್ಟುವ ನೆಪ ಮಾಡಿ ಅವನು ಬಗ್ಗುವನು, ಕಿರುಬೆರಳ ತುದಿಯನ್ನು ಎಲ್ಲಕ್ಕಿಂತ ಸಣ್ಣ ಕುಳಿಯಲ್ಲಿಟ್ಟು ಏಳುವನು.

ಮಾರ್ಲೋ ಮುದುಕಿ ಸತ್ತಳು. ಊರಿನ ದೊಡ್ಡ ಮನೆತನದ ಹೆಂಗಸರು ಒಂದು ಸಂಘ ಮಾಡಿಕೊಂಡು ಬಂಗಲೆಯನ್ನು ಕೊಂಡು, ಜನರಿಗೆ ತೋರಿಸಲು ತಯಾರಿ ನಡೆಸಿದರು. ಅರವತ್ತೊಂದರ ಬೇಸಿಗೆಯಲ್ಲಿ ಗೋಡೆಯ ಸಂದುಗಳನ್ನೆಲ್ಲ ಕೆದಕಿ ಹೊಸದಾಗಿ ತುಂಬುವ ಕೆಲಸ ಲೆಮ್ಯುಯೆಲ್‌ನ ತಂದೆ ಎಜ್ರಾಗೆ ಬಂತು. ಎಜ್ರಾ ಹಳೇ ಕಾಲದ ಗಾರೆಯವನು. ನದಿಯ ಸಿಂಪಿಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿ, ಆರು ತಿಂಗಳು ನೀರಲ್ಲಿ ಕೊಳೆಹಾಕಿ, ಬೆಣ್ಣೆಯ ಹಾಗಾದ ಮೇಲೇ ಕರಣೆಗೆ ಹಚ್ಚುವವನು. ಮೂವತ್ತೆರಡು ವರ್ಷದ ಮಗ ಅವತ್ತು ಕೈಕಟ್ಟಿ ಎದುರು ನಿಂತ.

"ಅಪ್ಪಾ, ಈ ಸಲ ಸುಣ್ಣ ಬೇಡ. ಸಿಮೆಂಟು ಹಾಕಾಣ."

"ಯಾಕೋ? ಇನ್ನೂರು ವರ್ಷ ಸುಣ್ಣ ನಿಂತಿಲ್ವಾ?"

"ನಿಂತಿದೆ, ಉದುರ್ತಾನೂ ಇದೆ. ಉಗುರು ಹಾಕಿದ್ರೆ ಪುಡಿ ಬರುತ್ತೆ."

"ಬರ್ಲಿ. ಅದು ಇರೋದೇ ಅದಕ್ಕೆ. ಸಂದು ಸಾಯ್ಬೇಕು ಕಣೋ, ಇಟ್ಟಿಗೆ ಬದುಕ್ಬೇಕು. ಈ ಇಟ್ಟಿಗೆ ಮೆತ್ತಗಿನ ಜೀವ. ಅದರೊಳಗೆ ಹೋದ ನೀರು ಸುಣ್ಣದಲ್ಲಿ ಹಾದು ಆಚೆ ಬರುತ್ತೆ. ಸುಣ್ಣ ಸವೆಯುತ್ತೆ, ನಾವು ಮತ್ತೆ ತುಂಬ್ತೀವಿ. ಐವತ್ತು ವರ್ಷಕ್ಕೊಂದು ಸಲ ಬಂದು ತುಂಬೋಕೆ ನಿಂಗೇನು ದೊಡ್ಡ ರೋಗ?"

"ಐವತ್ತು ವರ್ಷ ಆದ್ಮೇಲೆ ತುಂಬೋರು ಯಾರಿದಾರೆ ನಮ್ಮಲ್ಲಿ?"

ಮುದುಕ ಮಗನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಜೇಬಿನಿಂದ ಹೊಗೆಸೊಪ್ಪು ತೆಗೆದು ಬಾಯಿಗೆ ಹಾಕಿಕೊಂಡ. ಇವನು ಗೋಡೆಯ ಮಾತಾಡುತ್ತಿಲ್ಲ, ಒಂದೇ ಒಂದು ಇಟ್ಟಿಗೆಯ ಮಾತಾಡುತ್ತಿದ್ದಾನೆ ಎಂದು ಅವನಿಗೆ ಅರ್ಥವಾಗಿತ್ತು. ಆ ಇಟ್ಟಿಗೆ ಎಂದೆಂದಿಗೂ ಕದಲಬಾರದು, ಅಷ್ಟೇ ಮಗನಿಗೆ ಬೇಕಾದ್ದು. ಕೆಲಸ ಕಲಿಸಿದ ಗುರುವಾಗಿ ಬೈಯಬಹುದಿತ್ತು. ಮೊಮ್ಮಗಳನ್ನು ಹೂಳಿದ ಅಜ್ಜನಾಗಿ ಸುಮ್ಮನಾದ. "ನಿನ್ನಿಷ್ಟ" ಎಂದ. ಒಂದು ಹೊಡೆತ ಹೊಡೆದು ಬೇಡ ಎಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಲೆಮ್ಯುಯೆಲ್ ಆಮೇಲೆ ಬಹಳ ಸಲ ಅಂದುಕೊಂಡಿದ್ದಾನೆ.

ಇಡೀ ಬೇಸಿಗೆ ಸಿಮೆಂಟು ತುಂಬಿದ. ಅವನ ಕೈಯಲ್ಲಿ ಸಂದುಗಳು ಗೆರೆ ಎಳೆದಂತೆ ಬಂದವು. ಏಳನೇ ವರಸೆಯ ಆ ಇಟ್ಟಿಗೆಗೆ ಬಂದಾಗ ಕರಣೆ ಕೆಳಗಿಟ್ಟು ಬೆರಳಿನಿಂದಲೇ ತುಂಬಿದ. ಮೇಲೆ, ಕೆಳಗೆ, ಆಚೆ, ಈಚೆ, ಒಂದು ಕೂದಲು ತೂರದ ಹಾಗೆ ಒತ್ತಿ ಒತ್ತಿ ತುಂಬಿದ. "ಇನ್ನೆಲ್ಲಿಗೂ ಹೋಗಲ್ಲ ನೀನು" ಎಂದು ಮೆಲ್ಲಗೆ ಹೇಳಿದ್ದೂ ಉಂಟು. ಸಂಘದ ಅಧ್ಯಕ್ಷೆ ಮಿಸೆಸ್ ಲ್ಯಾಥ್ರಪ್ ಕೈಗವಸು ಹಾಕಿಕೊಂಡು ಬಂದು ಗೋಡೆ ನೋಡಿ ಹಿಗ್ಗಿದಳು.

"ಎಷ್ಟು ವರ್ಷ ಬಾಳುತ್ತೆ ಲೆಮ್ಯುಯೆಲ್?"

"ನೂರು ವರ್ಷ ಯಾರೂ ಈ ಕಡೆ ತಲೆ ಹಾಕ್ಬೇಕಾಗಿಲ್ಲ ಮೇಡಂ."

"ಭೇಷ್! ಎಜ್ರಾ, ನಿನ್ನ ಮಗ ನಿನ್ನೇ ಮೀರಿಸ್ಬಿಟ್ಟ ನೋಡು."

"ಹೌದಮ್ಮ" ಎಂದ ಎಜ್ರಾ. ಒಂಬತ್ತು ವರ್ಷದ ಮೇಲೆ, ಸಾಯುವ ವಾರ, ಮಗನನ್ನು ಹತ್ತಿರ ಕರೆದು, "ಆ ಗೋಡೆ ಮೇಲೆ ಒಂದು ಕಣ್ಣಿಟ್ಟಿರು" ಎಂದಷ್ಟೇ ಹೇಳಿದ.

ಲೆಮ್ಯುಯೆಲ್ ಕಣ್ಣಿಟ್ಟೇ ಇದ್ದ. ಬಂಗಲೆಯ ಕಾಯಂ ಗಾರೆಯವನಾಗಿ ಉಳಿದುಕೊಂಡ. ಹೊಗೆಗೂಡು ಬಿರುಕು ಬಿಟ್ಟರೆ, ಮೆಟ್ಟಿಲ ಕಲ್ಲು ಸಡಿಲವಾದರೆ ಅವನೇ. ಇಪ್ಪತ್ತೈದು ವರ್ಷ ಗೋಡೆ ಬಂಡೆಯಂತೆ ನಿಂತಿತು, ಅವನು ತನ್ನಷ್ಟಕ್ಕೆ ತಾನು ಬೀಗಿದ. ಆಮೇಲೆ ಒಂದು ಮಾರ್ಚಿನಲ್ಲಿ, ಹಿಮ ಕರಗಿದ ಮೇಲೆ, ಕುರುಡು ಕಿಟಕಿಯ ಮಗ್ಗುಲಲ್ಲಿ ಒಂದು ಇಟ್ಟಿಗೆಯ ಮುಖ ಹಕ್ಕಳೆಯ ಹಾಗೆ ಎದ್ದು ಬಿದ್ದಿತ್ತು. ಒಳಗಿನ ಮಣ್ಣು ಕೆಂಪಗೆ, ಹಸಿಯಾಗಿ, ಗಾಯದ ಹಾಗೆ. ಸುತ್ತಲಿನ ಸಿಮೆಂಟು ಮಾತ್ರ ಒಂದು ಚೂರೂ ಮುಕ್ಕಾಗದೆ, ಖಾಲಿ ಚೌಕಟ್ಟಿನಂತೆ ನಿಂತಿತ್ತು. ಒಂದು ಇಟ್ಟಿಗೆ ತಾನೇ ಎಂದು ಅವನು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮುಂದಿನ ಚಳಿಗೆ ಐದು. ಅದರ ಮುಂದಿನ ಚಳಿಗೆ ಅವನು ಎಣಿಸುವುದನ್ನು ಬಿಟ್ಟ.

ತೊಂಬತ್ತಾರರ ಶರತ್ಕಾಲದಲ್ಲಿ ಸಂಘದವರು ಒಬ್ಬ ಹೊಸ ವಾಸ್ತುಶಿಲ್ಪಿಯನ್ನು ಕರೆಸಿದರು. ಮಿಸ್ ಕಿಟ್ರೆಲ್, ಮೂವತ್ತರ ಆಸುಪಾಸಿನ ಬಿಳಿಯ ಹೆಂಗಸು, ಗಂಡಸರ ಬೂಟು ಹಾಕಿಕೊಂಡು ಮೊಣಕಾಲ ಮೇಲೆ ಕೂತು ಗೋಡೆಗೆ ಕಿವಿಗೊಟ್ಟು ಕುಟ್ಟಿ ನೋಡಿದಳು. ಆ ಬಂಗಲೆಯಲ್ಲಿ ಲೆಮ್ಯುಯೆಲ್‌ನನ್ನು "ಮಿಸ್ಟರ್ ಟ್ಯಾಬ್" ಎಂದು ಕರೆದವರಲ್ಲಿ ಅವಳೇ ಮೊದಲನೆಯವಳು.

"ಮಿಸ್ಟರ್ ಟ್ಯಾಬ್, ಈ ಗೋಡೆಗೆ ಸಿಮೆಂಟು ತುಂಬಿದ ಪುಣ್ಯಾತ್ಮ ಯಾರು, ನಿಮಗೇನಾದ್ರೂ ಗೊತ್ತಾ?"

"ಗೊತ್ತು. ನಾನೇ."

ಅವಳ ಮುಖ ಕೆಂಪಾಯಿತು. "ಕ್ಷಮಿಸಿ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡಿದ್ರು, ದೇಶದ ತುಂಬ. ನೀರು ಒಳಗೇ ಸಿಕ್ಕಿಹಾಕಿಕೊಂಡು ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆ ಮುಖನೇ ಒದ್ದುಬಿಡುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?"

"ನಮ್ಮಪ್ಪನಿಗೆ ಗೊತ್ತಿತ್ತು" ಎಂದ ಲೆಮ್ಯುಯೆಲ್. "ಹೇಳಿಯೂ ಇದ್ದ."

ಯಂತ್ರದಿಂದ ಕೊರೆದರೆ ಇಟ್ಟಿಗೆಯೂ ಹೋಗುತ್ತದೆ, ಉಳಿ ಸುತ್ತಿಗೆ ಹಿಡಿದು ಕೈಯಿಂದಲೇ ಬಿಡಿಸಬೇಕು ಎಂದಳು ಅವಳು. ಯಾರಿಂದ ಮಾಡಿಸಲಿ ಎಂದು ಕೇಳುವ ಮೊದಲೇ ಅವನು, "ಹಾಕಿದ ಕೈ ಇನ್ನೂ ಇದೆಯಲ್ಲ, ಅದೇ ತೆಗೀಲಿ" ಎಂದ. ಅರವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಸಾರುವೆ ಹತ್ತಿದ. ಅಪ್ಪನ ಹಳೇ ಗೂಡಿನಲ್ಲಿ ಸಿಂಪಿ ಸುಟ್ಟು, ಆ ಚಳಿಗಾಲವೆಲ್ಲ ಸುಣ್ಣ ಕೊಳೆಹಾಕಿಟ್ಟಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಕುಟ್ಟಿದರೆ ಮೂರು ನಾಲ್ಕು ಇಟ್ಟಿಗೆಯ ಸುತ್ತ ಸಿಮೆಂಟು ಬಿಡುತ್ತಿತ್ತು, ಕೆಲವು ಸಲ ಇಟ್ಟಿಗೆಯ ಅಂಚನ್ನೂ ಕಚ್ಚಿಕೊಂಡೇ ಬರುತ್ತಿತ್ತು. ಮೂವತ್ತೆರಡರ ವಯಸ್ಸಿನ ತನ್ನ ಕೈ ಅದೆಷ್ಟು ಗಟ್ಟಿ ಕೆಲಸ ಮಾಡಿತ್ತೆಂದು ಈಗ ಒಂದೊಂದು ಅಂಗುಲಕ್ಕೂ ಅವನಿಗೆ ತಿಳಿಯಿತು.

ತೊಂಬತ್ತೇಳರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಗೋಡೆ ಮೇಲಿನಿಂದ ಕೆಳಗೆ ಗುಣವಾಗುತ್ತಾ ಬಂತು. ಏಳನೇ ವರಸೆಯ ಆ ಇಟ್ಟಿಗೆಯೊಂದನ್ನು ಮಾತ್ರ ಅವನು ಮುಟ್ಟಲಿಲ್ಲ. ಅದರ ಮುಖ ಇನ್ನೂ ನೆಟ್ಟಗಿತ್ತು, ನಾಲ್ಕು ಕುಳಿಯೂ ಇದ್ದವು. ಆದರೆ ಬೆರಳ ಗೆಣ್ಣಿನಿಂದ ತಟ್ಟಿದರೆ ಒಳಗೆ ಪೊಳ್ಳು ಸದ್ದು. ಸಿಮೆಂಟು ಬಿಡಿಸಲು ಹೋದರೆ ಒಂದು ಏಟು ಹೆಚ್ಚಾದರೂ ಮುಖ ಹೋಗುತ್ತದೆ. ಬಿಡಿಸದಿದ್ದರೆ ಚಳಿ ಒಯ್ಯುತ್ತದೆ. ಅದರ ಮೇಲೊಂದು ಗೋಣಿತಾಟು ಇಳಿಬಿಟ್ಟು, ಇವತ್ತು ಬೇಡ ನಾಳೆ, ನಾಳೆ ಬೇಡ ಸೋಮವಾರ ಎನ್ನುತ್ತ ದಿನ ತಳ್ಳಿದ.

ಒಂದು ದಿನ ಊಟದ ಹೊತ್ತಿಗೆ ರೋಸೆಟಾ ಕೇಳಿಯೇ ಬಿಟ್ಟಳು. ಮೂವತ್ತೆಂಟು ವರ್ಷದಲ್ಲಿ ಅವಳು ಆ ಇಟ್ಟಿಗೆಯ ಮಾತೆತ್ತಿದ್ದು ಅದೇ ಮೊದಲು. "ಅದೊಂದಕ್ಕೆ ಯಾವಾಗ ಕೈ ಹಾಕ್ತೀಯ ಲೆಮ್?"

"ಕೈ ನಡುಗದೇ ಇರೋ ದಿನ."

"ಅರವತ್ತೆಂಟಾಯ್ತು ನಿಂಗೆ. ಕೈ ನಡುಗದೇ ಇರೋ ದಿನ ಇನ್ನೆಲ್ಲಿಂದ ಬರುತ್ತೆ?"

"ಒಡೆದು ಹೋದ್ರೆ ರೋಸಿ?"

ಅವಳು ಅವನ ತಟ್ಟೆಗೆ ಇನ್ನಷ್ಟು ಸೊಪ್ಪು ಹಾಕಿದಳು. "ಬಿಟ್ರೂ ಹೋಗುತ್ತೆ ಅಂತ ನೀನೇ ಹೇಳ್ತೀಯಲ್ಲ" ಎಂದಳು. ಆ ಮಾತು ನಿಜವೆಂದು ಗೊತ್ತಿದ್ದೂ ಅವನು ಇನ್ನೂ ಎರಡು ವಾರ ತಳ್ಳಿದ.

ನವೆಂಬರಿನಲ್ಲಿ ಎರಡು ದಿನ ಎಡೆಬಿಡದೆ ಮಳೆ ಬಂತು. ಮೂರನೇ ದಿನ ಆಕಾಶ ತೊಳೆದಿಟ್ಟಂತೆ ತಿಳಿಯಾಯಿತು, ಜೊತೆಗೆ ಅಕಾಲದ ಕೊರೆಯುವ ಚಳಿ. ಬೆಳಿಗ್ಗೆ ಅವನು ಬಂದು ನೋಡಿದಾಗ ಹುಲ್ಲು ಬೆಳ್ಳಗೆ ಗರಿಗಟ್ಟಿತ್ತು. ಗೋಣಿತಾಟು ಇಳಿಬಿದ್ದ ಹಾಗೇ ಇತ್ತು. ಅದರ ಕೆಳಗೆ, ಹುಲ್ಲಿನ ಮೇಲೆ, ಕೆಂಪು ಚೂರುಗಳು.

ತಾಟು ಎತ್ತಿ ನೋಡುವ ಅಗತ್ಯವಿರಲಿಲ್ಲ, ಆದರೂ ಎತ್ತಿದ. ಇಟ್ಟಿಗೆಯ ಮುಖ ಪೂರ್ತಿ ಹೋಗಿತ್ತು. ಕೆಳಗೆ ಬಿದ್ದ ಒಂದು ಬಿಲ್ಲೆಯಲ್ಲಿ ಮಾತ್ರ ಎರಡು ಕುಳಿಗಳು ಇನ್ನೂ ಕಾಣುತ್ತಿದ್ದವು. ಉಸಿರು ಬಿಗಿಹಿಡಿದು ಅದನ್ನು ಎರಡು ಬೆರಳಲ್ಲಿ ಎತ್ತಿದ. ಮೊಣಕಾಲಿನ ಎತ್ತರಕ್ಕೆ ಬರುವಷ್ಟರಲ್ಲಿ ಅದು ಹಿಟ್ಟಾಗಿ ಬೆರಳ ಸಂದಿಯಲ್ಲಿ ಸುರಿಯಿತು. ಅವನು ಟೋಪಿ ತೆಗೆದು, ಆ ಪುಡಿಯನ್ನೂ ಚೂರುಗಳನ್ನೂ ಹುಲ್ಲಿನಿಂದ ಒಂದೊಂದಾಗಿ ಬಾಚಿ ಟೋಪಿಯಲ್ಲಿ ತುಂಬಿಕೊಂಡು, ಒದ್ದೆ ನೆಲದ ಮೇಲೆ ಕೂತುಬಿಟ್ಟ. ಪರ್ಲಿಯನ್ನು ಹೂಳಿದ ದಿನ ಗಂಡಸಾಗಿ ನಿಂತಿದ್ದವನು ಇವತ್ತು ಬಾಯಿಬಿಟ್ಟು ಅತ್ತ. ಅವತ್ತು ದೇವರು ತೆಗೆದುಕೊಂಡಿದ್ದ. ಇದನ್ನು ತಾನೇ ಕೈಯಾರ ಕೊಂದಿದ್ದ.

ಮಿಸ್ ಕಿಟ್ರೆಲ್ ಬಂದು ನೋಡಿ ಪಕ್ಕದಲ್ಲಿ ಕೂತಳು. ಅದು ಯಾವ ಇಟ್ಟಿಗೆ ಎಂದು ಅವನು ಹೇಳಿದ. ಟ್ಯಾಬ್ ಮನೆಯವರು ಬಂಗಲೆಯ ಕಡೆಯವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಆಮೇಲೆ, "ಅದೇ ಕಾಲದ ಇಟ್ಟಿಗೆ ನಮ್ಮ ಉಗ್ರಾಣದಲ್ಲಿವೆ, ಒಂದನ್ನ ತಂದು ಹಾಕ್ಬಹುದು" ಎಂದಳು, ಹೇಳಿದ್ದಕ್ಕೆ ನಾಚಿಕೊಂಡವಳಂತೆ.

"ಬೇಡಮ್ಮ. ತಿರುಗಿಸಿ ಇಡ್ತೀನಿ."

ಮುಖ ಕೆಟ್ಟ ಇಟ್ಟಿಗೆಯನ್ನು ಕಿತ್ತು ಹಿಂದುಮುಂದು ಮಾಡಿ ಕೂರಿಸುವುದು ಗಾರೆಯವರ ಹಳೇ ದಾರಿ. ಗೋಡೆಯೊಳಗೆ ಅಡಗಿದ್ದ ಬೆನ್ನು ಮಳೆಬಿಸಿಲು ಕಾಣದೆ ಹೊಸದಾಗೇ ಇರುತ್ತದೆ. ಬೆರಳು ಹೋದರೂ ಇಟ್ಟಿಗೆಯಾದರೂ ಅಲ್ಲೇ ಇರಲಿ, ಆ ಹಿಂದಿನ ಹುಡುಗಿ ಹೊತ್ತದ್ದು ಅದನ್ನೇ ತಾನೇ ಎಂಬುದಷ್ಟೇ ಅವನ ಲೆಕ್ಕ. ಈಗ ಕೈ ನಡುಗಲಿಲ್ಲ. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಸಿಮೆಂಟು ಮಧ್ಯಾಹ್ನದವರೆಗೆ ಸತಾಯಿಸಿ, ಎರಡು ಗಂಟೆಯ ಹೊತ್ತಿಗೆ ಬಿಟ್ಟುಕೊಟ್ಟಿತು. ಇಟ್ಟಿಗೆಯನ್ನು ಮೆಲ್ಲಗೆ ಅಲ್ಲಾಡಿಸಿ ಹೊರಗೆಳೆದು, ತೊಡೆಯ ಮೇಲಿಟ್ಟುಕೊಂಡು, ಬೆನ್ನಿಗೆ ಅಂಟಿದ್ದ ಹಳೇ ಸುಣ್ಣವನ್ನು ಕುಂಚದಿಂದ ಉದುರಿಸತೊಡಗಿದ. ಮುತ್ತಾತಂದಿರ ಸುಣ್ಣ ಹೇಳಿದ ಮಾತು ಕೇಳಿ ಸುಮ್ಮನೆ ಉದುರಿತು.

ಸುಣ್ಣದ ಕೆಳಗೆ, ಇಟ್ಟಿಗೆಯ ಬೆನ್ನಿನ ನಡುವೆ, ಒಂದು ಕುಳಿ. ಒಂದೇ. ಮುಖದ ಮೇಲಿದ್ದ ನಾಲ್ಕಕ್ಕಿಂತ ಅಗಲ, ಅವಕ್ಕಿಂತ ಆಳ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಕಲ್ಲು ಒತ್ತಿರಬೇಕು ಅಂದುಕೊಂಡ. ಆಮೇಲೆ ಯಾಕೋ ಇಟ್ಟಿಗೆಯನ್ನು ಮೇಲಿನಿಂದ ಒಂದೇ ಕೈಯಲ್ಲಿ ಹಿಡಿದೆತ್ತಿದ, ಐವತ್ತು ವರ್ಷದಿಂದ ಎತ್ತಿದ ಹಾಗೆ. ನಾಲ್ಕು ಬೆರಳು ಹೋಗಿ ಮುಖವಿಲ್ಲದ ಮುಖದ ಮೇಲೆ ಕೂತವು. ಐದನೆಯದು ತಾನಾಗಿ ಹಿಂದಕ್ಕೆ ಸುತ್ತಿ ಆ ಕುಳಿಯ ಬಾಯಿಗೆ ಬಂದು ನಿಂತಿತು. ಹಿಡಿಸಲಿಲ್ಲ, ಕುಳಿ ಬಲು ಚಿಕ್ಕದು. ಇನ್ನೂರೈವತ್ತು ವರ್ಷ ಟ್ಯಾಬ್ ಮನೆಯ ಎಷ್ಟೋ ಮಕ್ಕಳು ಆ ಇಟ್ಟಿಗೆಗೆ ಬೆರಳಿಟ್ಟರು, ಅವರಲ್ಲಿ ಎಷ್ಟೋ ಜನ ಬೆಳೆದು ದಿನಕ್ಕೆ ಸಾವಿರ ಇಟ್ಟಿಗೆ ಎತ್ತುವ ಗಾರೆಯವರಾದರು. ಕೇಳಬೇಕೆಂದು ಹೊಳೆದದ್ದು ಒಬ್ಬಳಿಗೇ.

ಕೋಟಿನೊಳಗೆ ಇಟ್ಟಿಗೆ ಇಟ್ಟುಕೊಂಡು ಮನೆಗೆ ಬಂದ. ರೋಸೆಟಾ ಹಿಟ್ಟು ನಾದುತ್ತಿದ್ದಳು. ಅವನು ಮೇಜಿನ ಮೇಲೆ ಇಟ್ಟಿಗೆ ಇಟ್ಟು, ಮುಖ ಹೋದದ್ದನ್ನು ಮೊದಲು ತೋರಿಸಿದ. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ತಿರುಗಿಸಿ ತೋರಿಸಿದ.

"ಪರ್ಲಿ ಕೇಳಿದ್ಳು ರೋಸಿ. ಹೆಬ್ಬೆರಳೆಲ್ಲಿ ಅಂತ. ನಾನು ನಕ್ಕುಬಿಟ್ಟಿದ್ದೆ."

"ಗೊತ್ತು. ಅವತ್ತು ಮನೆಗೆ ಬಂದು ನನ್ನೂ ಕೇಳಿದ್ಳು." ರೋಸೆಟಾ ಹಿಟ್ಟಿನ ಕೈಯ ಕಿರುಬೆರಳನ್ನು ಆ ಕುಳಿಯಲ್ಲಿಟ್ಟಳು. ಅದು ಹಿಡಿಯಿತು. ಬಹಳ ಹೊತ್ತು ತೆಗೆಯಲಿಲ್ಲ. "ಎಷ್ಟು ಆಳ ಒತ್ತಿದಾಳೆ ನೋಡು. ಭಾರ ಆಗಿತ್ತು ಪಾಪ, ಮಗೂಗೆ."

ಅವನು ತಲೆಯಾಡಿಸಿದ.

"ಗೋಡೆಗೆ ನಾಳೆ ಇಡುವಂತೆ. ಸುಣ್ಣದಲ್ಲೇ ಇಡು, ಈ ಮುಖ ಹೊರಗೆ ಮಾಡಿ. ನಾಳೆ ನಾನೂ ಬರ್ತೀನಿ." ಅವಳು ಮೈಗೆ ಶಾಲು ಎಳೆದುಕೊಳ್ಳಲು ಹೋಗಿ, ಯಾಕೋ ಅದನ್ನು ಇಟ್ಟಿಗೆಯ ಸುತ್ತ ಸುತ್ತಿ ಅವನ ಕೈಗೆ ಕೊಟ್ಟಳು. "ಇವತ್ತು ಮೊದ್ಲು ಹೋಗಿ ಅವಳಿಗೆ ಹೇಳಿ ಬಾ."

ನಮ್ಮ ಚರ್ಚಿನ ಹಿಂದೆ, ಪೈನ್ ಮರಗಳ ಸಾಲಿನ ಕೊನೆಗೆ, ಪರ್ಲಿಯ ಕಲ್ಲು. ಎಜ್ರಾ ತನ್ನ ಕೈಯಾರೆ ಕೆತ್ತಿದ್ದು, ಮೊಣಕಾಲಿಗೂ ಬಾರದಷ್ಟು ಚಿಕ್ಕದು. ಬಿಸಿಲು ಇಳಿಮುಖವಾಗಿತ್ತು. ಲೆಮ್ಯುಯೆಲ್ ಈ ಸಲ ಬೂಟಿನ ಲಾಡಿಯ ನೆಪ ಹೂಡಲಿಲ್ಲ. ಸುಣ್ಣ ಮೆತ್ತಿದ ಪ್ಯಾಂಟಿನಲ್ಲೇ ಮಂಡಿಯೂರಿ, ಶಾಲು ಬಿಚ್ಚಿ, ಇಟ್ಟಿಗೆಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದ.

"ಹಿಂದ್ಗಡೆ ಇತ್ತು ಕಣಮ್ಮಾ" ಎಂದ. "ಅಪ್ಪ ತಿರುಗಿಸಿ ನೋಡಿರ್ಲಿಲ್ಲ."